ಮಾತಿಗೆ ಮಾತೇ ಉತ್ತರವಾಗಲಿ

ಚಾಣಕ್ಯಪುರಿಯ ಕೌಟಿಲ್ಯ ಮಾರ್ಗದಲ್ಲಿರುವ ಕರ್ನಾಟಕ ಭವನ ರಾಜಧಾನಿಯ ಕನ್ನಡಿಗರಿಗೆ ತವರುಮನೆ ಇದ್ದಂತೆ. ಇದೇ ಚಾಣಕ್ಯಪುರಿಯಲ್ಲಿ ದೆಹಲಿ ವಿಶ್ವವಿದ್ಯಾಲಯದ ಮೈತ್ರೇಯಿ ಕಾಲೇಜು ಇದೆ, ಜೀಸಸ್ ಅಂಡ್ ಮೇರಿ ಕಾಲೇಜು ಇದೆ. ತುಸು ದಕ್ಷಿಣಕ್ಕೆ ಸಾಗಿದರೆ ಜೆಎನ್‌ಯು. ಮಕ್ಕಳನ್ನು ಇಂಥ ವಿದ್ಯಾಸಂಸ್ಥೆಗಳಿಗೆ ಕಳುಹಿಸುವ ಹೊರನಾಡ ಕನ್ನಡಿಗರ ಮನೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಬುದ್ಧಿಮಾತು ಒಂದೇ: "ಚರ್ಚೆ, ಚುನಾವಣೆ ಎಲ್ಲ ನಿನಗ್ಯಾಕೆ? ಓದಿಕೊಂಡು ಬಾ."

ಹೆತ್ತವರ ಆತಂಕ ಅರ್ಥವಾಗುವಂಥದ್ದೇ. ಆದರೆ ಬಾಯಿ ಮುಚ್ಚಿಕೊಂಡು ಪದವಿ ಪಡೆದವರು ನಾಳೆ ಒಳ್ಳೆಯ ನಾಗರಿಕರಾಗುತ್ತಾರೆಯೇ ಎಂಬುದನ್ನೂ ಯೋಚಿಸಬೇಕು.

ಕರ್ನಾಟಕದ್ದೇ ಒಂದು ಘಟನೆ ಇಲ್ಲಿ ನೆನಪಿಸಿಕೊಳ್ಳತಕ್ಕದ್ದು. 1973ರ ನವೆಂಬರ್‌ನಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಮಾತನಾಡುತ್ತಾ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬರ್ಥದ ಮಾತು ಆಡಿದರು. ನಾಡಿನಾದ್ಯಂತ ಕಾಲೇಜು ವಿದ್ಯಾರ್ಥಿಗಳು ಬೀದಿಗಿಳಿದರು. ದಲಿತ ವಿದ್ಯಾರ್ಥಿಗಳು ಹಲ್ಲೆಗೆ ಗುರಿಯಾದರು. ಕೊನೆಗೆ ಬಸವಲಿಂಗಪ್ಪನವರು ರಾಜೀನಾಮೆ ಕೊಡಬೇಕಾಯಿತು.

ಅವರ ಮಾತು ಸರಿಯೋ ತಪ್ಪೋ ಎಂಬುದು ಬೇರೆ ವಿಚಾರ. ಕನ್ನಡವನ್ನು ಪ್ರೀತಿಸುವವರಿಗೆ ನೋವಾದದ್ದೂ ನಿಜ. ಆದರೆ ಕಲ್ಲಿನಿಂದ ಆ ಪ್ರಶ್ನೆ ಸಾಯಲಿಲ್ಲ. ಆಗ ವಿದ್ಯಾರ್ಥಿಯಾಗಿದ್ದ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂತು. ದಲಿತ ಸಂಘರ್ಷ ಸಮಿತಿ ಹುಟ್ಟಿತು. ಯಾರ ಬಾಯಿ ಮುಚ್ಚಿಸಲು ಹೊರಟರೋ ಅವರಿಂದಲೇ ಕನ್ನಡ ಶ್ರೀಮಂತವಾಯಿತು. ನಮಗೆ ಹಿತವಾದ ಮಾತನ್ನು ಸಹಿಸುವುದು ಸುಲಭ. ನಮ್ಮ ಭಾಷೆಯನ್ನೇ ಟೀಕಿಸುವ ಮಾತನ್ನು ಕೇಳಿಸಿಕೊಂಡು ಉತ್ತರ ಕೊಡುವುದೇ ನಿಜವಾದ ಪರೀಕ್ಷೆ.

ಈ ಪರೀಕ್ಷೆಗೆ ಸಿದ್ಧತೆ ಬೇಕು. ಸಂವಿಧಾನದ 19(1)(ಎ) ವಿಧಿ ವಾಕ್ ಸ್ವಾತಂತ್ರ್ಯ ಕೊಟ್ಟಿದೆ. 19(2) ಅದರ ಮಿತಿಗಳನ್ನೂ ಹೇಳಿದೆ. 2023ರಲ್ಲಿ ಕರ್ನಾಟಕ ಸರಕಾರ ಶಾಲೆ ಕಾಲೇಜುಗಳಲ್ಲಿ ಸಂವಿಧಾನದ ಪೀಠಿಕೆ ಓದಿಸಲು ಮುಂದಾದದ್ದು ಒಳ್ಳೆಯದೇ. ಆದರೆ ಪೀಠಿಕೆಯನ್ನು ಬಾಯಿಪಾಠ ಮಾಡಿದರೆ ಸಾಲದು, ರೂಢಿಯಾಗಬೇಕು. ಈಜು ಕಲಿಯಲು ನೀರಿಗೆ ಇಳಿಯಲೇಬೇಕಲ್ಲವೇ?

1989ರಲ್ಲಿ ದೇಶದ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ವಿಪರ್ಯಾಸವೆಂದರೆ, ಹೆಚ್ಚು ಕಡಿಮೆ ಅದೇ ಹೊತ್ತಿಗೆ ಕರ್ನಾಟಕದಲ್ಲಿ ಹಿಂಸೆಯ ಕಾರಣಕ್ಕೆ ವಿದ್ಯಾರ್ಥಿ ಸಂಘಗಳ ಚುನಾವಣೆ ನಿಂತಿತು. ಶಾಸನಸಭೆಗೆ ಮತ ಹಾಕಬಲ್ಲವರು ತಮ್ಮ ಕಾಲೇಜಿನ ಪ್ರತಿನಿಧಿಯನ್ನು ಆರಿಸುವಂತಿಲ್ಲ ಎಂದಾಯಿತು. ದೆಹಲಿಯಲ್ಲಿ ಚುನಾವಣೆ ಉಳಿದಿದೆ, ಅದರ ದೋಷಗಳೂ ಉಳಿದಿವೆ. 2024ರ ದೆಹಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘದ ಚುನಾವಣೆಯಲ್ಲಿ ಗೋಡೆಗಳನ್ನು ಅಂದಗೆಡಿಸಿದ್ದಕ್ಕೆ ಹೈಕೋರ್ಟ್ ಮತ ಎಣಿಕೆಯನ್ನೇ ತಡೆಯಿತು. ಸೆಪ್ಟೆಂಬರ್‌ನ ಮತಗಳ ಎಣಿಕೆ ನಡೆದದ್ದು ನವೆಂಬರ್‌ನಲ್ಲಿ. ನ್ಯಾಯಾಲಯ ಚುನಾವಣೆಯನ್ನು ರದ್ದು ಮಾಡಲಿಲ್ಲ, ಗೋಡೆ ಸ್ವಚ್ಛ ಮಾಡಿ ಬನ್ನಿ ಎಂದಿತು. ಹಕ್ಕು ಮತ್ತು ಹೊಣೆ ಎರಡನ್ನೂ ಒಟ್ಟಿಗೆ ಕಲಿಸುವ ಪಾಠ ಇದಕ್ಕಿಂತ ಬೇರೆ ಬೇಕೇ?

ಕನ್ನಡ ಸಂಘ ಸಂಸ್ಥೆಗಳು ಇಲ್ಲಿ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ರಾಜ್ಯೋತ್ಸವದ ವೇದಿಕೆಯಲ್ಲಿ ಹಾಡು, ನೃತ್ಯ, ಸನ್ಮಾನಗಳ ನಡುವೆ ಒಂದು ಗಂಟೆಯನ್ನು ಕಾಲೇಜು ವಿದ್ಯಾರ್ಥಿಗಳ ಚರ್ಚೆಗೆ ಮೀಸಲಿಡಲಿ. ವಿಷಯವನ್ನು ಅವರೇ ಆರಿಸಲಿ, ಭಾಷಣವನ್ನು ಮೊದಲೇ ತಿದ್ದುವ ಉಸಾಬರಿ ಹಿರಿಯರಿಗೆ ಬೇಡ. ಕನ್ನಡ ತಡವರಿಸಿದರೂ ಪರವಾಗಿಲ್ಲ. ಸಂಘದ ಕಾರ್ಯವೈಖರಿಯನ್ನೇ ಯಾರಾದರೂ ಟೀಕಿಸಿದರೆ ಮುಂದಿನ ಸಾಲಿನಲ್ಲಿ ಕುಳಿತ ಪದಾಧಿಕಾರಿಗಳು ಎದ್ದು ಹೋಗದೆ ಉತ್ತರ ಕೊಡಲಿ.

ಯುವಜನರು ಸಂಘದತ್ತ ಸುಳಿಯುವುದಿಲ್ಲ ಎಂಬ ದೂರು ಪ್ರತಿ ವಾರ್ಷಿಕ ಮಹಾಸಭೆಯಲ್ಲೂ ಇದ್ದದ್ದೇ. ಕೈಗೆ ಮೈಕು ಕೊಟ್ಟು ನೋಡಿದರೆ ಆ ದೂರಿಗೆ ಅರ್ಧ ಪರಿಹಾರ ಅಲ್ಲೇ ಸಿಕ್ಕೀತು.