ಗೇರ್‌ಬಾಕ್ಸ್ ಇಳಿಸಿದ ಮೇಲೆ ಅಳತೆ ತೋರಿಸಿ

ಕಾರು ಆಫ್ ಮಾಡಿ ಎಂಜಿನ್ ನಿಲ್ಲುವ ಕೊನೆಯ ಗಳಿಗೆಯಲ್ಲಿ ಕೆಳಗಿನಿಂದ ‘ಢಗ್’ ಎಂಬ ಸದ್ದು. ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಡಬ್ಬಿಯೊಳಗೆ ಕಲ್ಲು ಕುಲುಕಿದಂಥ ಕಟಕಟ. ಚೆನ್ನೈನಲ್ಲಿ ಹಳೆಯ ಡೀಸೆಲ್ ಕಾರು ಇಟ್ಟುಕೊಂಡ ಎಷ್ಟೋ ಮಂದಿಗೆ ಈ ಸದ್ದಿನ ಪರಿಚಯವಿದೆ. ಗ್ಯಾರೇಜಿಗೆ ಹೋದರೆ ಬಾನೆಟ್ ಎತ್ತಿ, ಎರಡು ನಿಮಿಷ ಕಿವಿಗೊಟ್ಟು, ‘ಡ್ಯುಯಲ್ ಮಾಸ್ ಫ್ಲೈವೀಲ್ ಹೋಗಿದೆ, ಜೊತೆಗೆ ಕ್ಲಚ್ ಸೆಟ್ಟೂ ಹಾಕಿಬಿಡೋಣ’ ಎನ್ನುತ್ತಾರೆ. ಹತ್ತಾರು ಸಾವಿರ ರೂಪಾಯಿಯ ಈ ತೀರ್ಪಿಗೆ ಎಷ್ಟೋ ಸಲ ಒಂದು ಅಳತೆಯ ಆಧಾರವೂ ಇರುವುದಿಲ್ಲ.

ಈ ರೂಢಿ ನಿಲ್ಲಬೇಕು.

ಅಳತೆ ಕೇಳುವ ಹಕ್ಕು ಈ ಊರಿಗೆ ಬೇರೆಲ್ಲ ಊರುಗಳಿಗಿಂತ ಒಂದು ಕೈ ಹೆಚ್ಚೇ ಇದೆ. ಎನ್ನೂರಿನ ಅಶೋಕ್ ಲೇಲ್ಯಾಂಡ್ 1948ರಷ್ಟು ಹಳೆಯ ಸಂಸ್ಥೆ. ಇರುಂಗಾಟುಕೋಟೆಯಲ್ಲಿ ಹುಂಡೈ, ಒರಗಡಂನಲ್ಲಿ ರೆನೋ–ನಿಸಾನ್, ಮಹೀಂದ್ರ ವರ್ಲ್ಡ್ ಸಿಟಿಯಲ್ಲಿ ಬಿಎಂಡಬ್ಲ್ಯು ಕಾರ್ಖಾನೆಗಳು ಬೆಳೆದವು. ವಾಹನ ಪರೀಕ್ಷೆಗೆಂದೇ ಕಟ್ಟಿದ ಗ್ಲೋಬಲ್ ಆಟೋಮೋಟಿವ್ ರಿಸರ್ಚ್ ಸೆಂಟರ್ ಕೂಡ ಒರಗಡಂನಲ್ಲೇ ಇದೆ. ಬೆಂಗಳೂರಿನ ಕಡೆ ಬಂದರೆ, ಕನ್ನಡ ಧಾರಾಳವಾಗಿ ಕಿವಿಗೆ ಬೀಳುವ ಹೊಸೂರಿನಲ್ಲಿ ಲುಕ್ ಹೆಸರಿನ ಕ್ಲಚ್ ತಯಾರಿಸುವ ಕಾರ್ಖಾನೆಯಿದೆ. ಇದೇ ಲುಕ್ 1985ರಲ್ಲಿ ಯುರೋಪಿನಲ್ಲಿ ಡ್ಯುಯಲ್ ಮಾಸ್ ಫ್ಲೈವೀಲನ್ನು ದೊಡ್ಡ ಪ್ರಮಾಣದ ಉತ್ಪಾದನೆಗೆ ತಂದಿತು. ಕೂದಲೆಳೆಯ ವ್ಯತ್ಯಾಸವನ್ನೂ ಅಳೆದು ಭಾಗಗಳನ್ನು ಒಪ್ಪುವ ಕಾರ್ಖಾನೆಗಳ ಸಾಲಿನ ಪಕ್ಕದಲ್ಲೇ, ಅವೇ ಭಾಗಗಳನ್ನು ಬರೀ ಸದ್ದು ಕೇಳಿ ಗುಜರಿಗೆ ಹಾಕುವುದು ದುಃಖದ ಸಂಗತಿ.

ಫ್ಲೈವೀಲ್ ಮಾಡುವ ಕೆಲಸ ಕುಂಬಾರನ ತಿಗರಿಯದ್ದೇ. ಕೋಲಿನಿಂದ ಆಗಾಗ ತಿರುವಿದರೂ ತಿಗರಿ ತನ್ನ ಭಾರದಿಂದ ಒಂದೇ ಸಮ ಸುತ್ತುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ ಪ್ರತಿ ಸುತ್ತಿಗೆ ಎರಡು ಸಲ ಉರಿದು ಗುದ್ದುತ್ತದೆ. ನಿಮಿಷಕ್ಕೆ 800 ಸುತ್ತಿನ ಐಡ್ಲಿಂಗ್‌ನಲ್ಲಿ ಅದು 1,600 ಗುದ್ದು. ಡೀಸೆಲ್ಲಿನ ಗುದ್ದು ಇನ್ನೂ ಬಿರುಸು. ಅದು ನೇರ ಗೇರ್‌ಬಾಕ್ಸಿಗೆ ಹೋದರೆ ಹಲ್ಲುಗಳು ಗಡಗಡಿಸುತ್ತವೆ. ಅದಕ್ಕೇ ಫ್ಲೈವೀಲನ್ನು ಎರಡು ಭಾರಗಳಾಗಿ ಸೀಳಿ, ನಡುವೆ ಗ್ರೀಸಿನಲ್ಲಿ ಮುಳುಗಿದ ಬಿಲ್ಲಿನಾಕಾರದ ಸ್ಪ್ರಿಂಗುಗಳನ್ನು ಇಟ್ಟರು. ಒಂದು ಭಾರ ಎಂಜಿನ್ನಿಗೆ ಅಂಟಿಕೊಂಡಿದ್ದರೆ ಇನ್ನೊಂದರ ಮೇಲೆ ಕ್ಲಚ್ ಕೂರುತ್ತದೆ. ವರ್ಷಗಳ ಬಳಿಕ ಸ್ಪ್ರಿಂಗು ಸವೆಯುತ್ತದೆ ಇಲ್ಲವೇ ಮುರಿಯುತ್ತದೆ, ಗ್ರೀಸು ಸೋರುತ್ತದೆ.

ಚೆನ್ನೈಗೆ ಈ ರೋಗ ಈಗಲೇ ಬಂದದ್ದಕ್ಕೆ ಕಾರಣವಿದೆ. ಸರ್ಕಾರ ಡೀಸೆಲ್ ಬೆಲೆಯ ನಿಯಂತ್ರಣವನ್ನು ಪೂರ್ತಿ ಬಿಟ್ಟುಕೊಟ್ಟದ್ದು 2014ರ ಅಕ್ಟೋಬರಿನಲ್ಲಿ. ಅದಕ್ಕೂ ಮುಂಚೆ, ಪೆಟ್ರೋಲಿಗಿಂತ ಅಗ್ಗವೆಂದು ದೇಶವೆಲ್ಲ ಡೀಸೆಲ್ ಕಾರಿಗೆ ಮುಗಿಬಿದ್ದಿತ್ತು. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನಕ್ಕೆ ನಿರ್ಬಂಧ ಬಂತು; ಚೆನ್ನೈನಲ್ಲಿ ಅಂಥ ನಿಯಮವಿಲ್ಲದ್ದರಿಂದ ಆ ಕಾಲದ ಕಾರುಗಳು ಇಲ್ಲಿ ಇನ್ನೂ ಓಡುತ್ತಿವೆ. ಮೆಟ್ರೊ ಎರಡನೇ ಹಂತದ ಕಾಮಗಾರಿಯಿಂದ ಕಿರಿದಾದ ರಸ್ತೆಗಳಲ್ಲಿ ಹಾಫ್ ಕ್ಲಚ್ಚಿನಲ್ಲೇ ತೆವಳುವುದು, ಮೇಲ್ಸೇತುವೆಯ ಏರಿನಲ್ಲಿ ಬ್ರೇಕ್ ಬಿಟ್ಟು ಕ್ಲಚ್ಚಿನ ಮೇಲೆ ಕಾರು ನಿಲ್ಲಿಸುವುದು, ಮೈಲೇಜ್ ಆಸೆಗೆ ಟಾಪ್ ಗೇರಿನಲ್ಲಿ ಎಂಜಿನ್ ಒದ್ದಾಡಿಸುವುದು ಎಲ್ಲವೂ ಈ ಭಾಗದ ಆಯಸ್ಸು ಕಳೆಯುತ್ತವೆ.

ಹಾಗಾದರೆ ಕಿವಿಯ ತೀರ್ಪು ಏಕೆ ಸಾಲದು? ಒಂದೇ ಸದ್ದಿಗೆ ಹಲವು ತಾಯಂದಿರು. ಕ್ಲಚ್ ಒತ್ತಿದಾಗ ಸದ್ದು ಹುಟ್ಟಿದರೆ ರಿಲೀಸ್ ಬೇರಿಂಗ್ ಮೇಲೆ ಅನುಮಾನ ಪಡುವುದು ಸರಿ. ಒತ್ತಿದಾಗ ನಿಂತರೆ? ಗೇರ್‌ಬಾಕ್ಸಿನ ಬೇರಿಂಗ್ ಸವೆದಿದ್ದರೂ ಹಾಗೇ ನಿಲ್ಲುತ್ತದೆ, ಫ್ಲೈವೀಲ್ ಕೆಟ್ಟು ಗೇರುಗಳು ಗಡಗಡಿಸುತ್ತಿದ್ದರೂ ಹಾಗೇ ನಿಲ್ಲುತ್ತದೆ. ಒಂದು ಇಂಜೆಕ್ಟರ್ ಸರಿಯಾಗಿ ಸಿಂಪಡಿಸದಿದ್ದರೆ ಎಂಜಿನ್ ಕುಂಟುತ್ತದೆ, ಆ ಕುಂಟು ಫ್ಲೈವೀಲಿನ ದೋಷದಂತೆ ಕೇಳಿಸುತ್ತದೆ. ಎಂಜಿನ್ ಮೌಂಟ್ ಹರಿದರೂ ಆಫ್ ಮಾಡುವಾಗ ‘ಢಗ್’ ಎನ್ನುತ್ತದೆ. ಬ್ಯಾಟರಿಯ ಕಥೆಯಂತೂ ಹೇಳಲೇಬೇಕು. ಈ ಫ್ಲೈವೀಲ್ ಅತಿಯಾಗಿ ಅದುರುವ ವೇಗ ಐಡ್ಲಿಂಗ್‌ಗಿಂತ ಕೆಳಗಿರುತ್ತದೆ. ಸ್ಟಾರ್ಟರ್ ಅದನ್ನು ಥಟ್ಟನೆ ದಾಟಿಸಬೇಕು. ಬ್ಯಾಟರಿ ಸೋತು ಎಂಜಿನ್ ನಿಧಾನ ತಿರುಗಿದರೆ ಅಲ್ಲೇ ಸಿಕ್ಕಿಕೊಂಡು ಬಡಿದುಕೊಳ್ಳುತ್ತದೆ. ಒಂದು ಬ್ಯಾಟರಿಯಲ್ಲಿ ಮುಗಿಯುವ ಕೆಲಸಕ್ಕೆ ಗೇರ್‌ಬಾಕ್ಸ್ ಇಳಿಸಿದಂತಾಗುತ್ತದೆ.

ಆದ್ದರಿಂದ ಮೊದಲು ಬ್ಯಾಟರಿ, ಮೌಂಟು ನೋಡಬೇಕು. ಸ್ಕ್ಯಾನರ್ ಹಚ್ಚಿ ಪ್ರತಿ ಸಿಲಿಂಡರಿನ ಇಂಜೆಕ್ಟರ್ ಹೊಂದಾಣಿಕೆಯ ಅಂಕಿ ಓದಬೇಕು. ಇವೆಲ್ಲ ಸರಿಯಿದ್ದು ಸದ್ದು ಉಳಿದರೆ ಮಾತ್ರ ಗೇರ್‌ಬಾಕ್ಸಿಗೆ ಕೈಹಚ್ಚಬೇಕು. ಇಳಿಸಿದ ಮೇಲೂ ಅವಸರ ಸಲ್ಲದು. ಕ್ಲಚ್ ಕಡೆಯ ಭಾರವನ್ನು ಕೈಯಿಂದ ಅತ್ತಿತ್ತ ತಿರುಗಿಸಿ, ಸ್ಪ್ರಿಂಗಿನ ಬಿಗಿ ಸಿಗುವವರೆಗೆ ಎಷ್ಟು ಸಡಿಲ ಓಡುತ್ತದೆಂದು ರಿಂಗ್ ಗೇರಿನ ಹಲ್ಲುಗಳ ಲೆಕ್ಕದಲ್ಲಿ ಗುರುತಿಸಬೇಕು. ಅಂಚು ಎಷ್ಟು ಓಲಾಡುತ್ತದೆಂದು ಡಯಲ್ ಗೇಜಿನಲ್ಲಿ ಮಿಲಿಮೀಟರ್ ಲೆಕ್ಕ ಹಿಡಿಯಬೇಕು. ಇವೆರಡರ ಮಿತಿ ಪ್ರತಿ ಮಾದರಿಗೂ ಬೇರೆ, ಭಾಗದ ಸಂಖ್ಯೆ ಹಿಡಿದು ತಯಾರಕರ ಪಟ್ಟಿಯಲ್ಲೇ ನೋಡಬೇಕು. ಹೊಸ ಫ್ಲೈವೀಲ್ ಕೂಡ ಸ್ವಲ್ಪ ಅಲುಗಾಡುತ್ತದೆ ಎಂಬುದನ್ನು ಮಾಲೀಕರಿಗೆ ಹೇಳುವವರು ಕಡಿಮೆ. ‘ನೋಡಿ ಸಾರ್, ಹೇಗೆ ಅಲ್ಲಾಡ್ತಿದೆ’ ಎಂದು ತೋರಿಸಿದರೆ ಯಾರಾದರೂ ನಂಬುತ್ತಾರೆ. ಗ್ರೀಸು ಹೊರಚೆಲ್ಲಿದ್ದರೆ, ಮುಖದ ಮೇಲೆ ಬಿರುಕು ಬಿಟ್ಟಿದ್ದರೆ, ಕಾದು ಕಡುನೀಲಿ ತಿರುಗಿದ್ದರೆ ಅದು ಬೇರೆ ಮಾತು. ಅವು ಕಣ್ಣಿಗೇ ಕಾಣುವ ಸಾಕ್ಷಿ.

ಒಳ್ಳೆಯ ಮೆಕ್ಯಾನಿಕ್‌ನ ಕಿವಿಯನ್ನು ಇಲ್ಲಿ ಯಾರೂ ಹೀಗಳೆಯುತ್ತಿಲ್ಲ. ದೋಷ ಯಾವ ಮೂಲೆಯಲ್ಲಿದೆ ಎಂದು ಅದು ದಾರಿ ತೋರಿಸುತ್ತದೆ, ಆ ವಿದ್ಯೆ ದೊಡ್ಡದು. ಬಿಲ್ಲಿಗೆ ಮಾತ್ರ ಅಂಕಿ ಬೇಕು. ಹಲ್ಲಿನ ಲೆಕ್ಕ, ಓಲಾಟದ ಮಿಲಿಮೀಟರ್, ತಯಾರಕರ ಮಿತಿ, ಈ ಮೂರನ್ನೂ ಜಾಬ್ ಕಾರ್ಡಿನಲ್ಲಿ ಬರೆಯಲು ಐದು ನಿಮಿಷ ಸಾಕು. ಗ್ರಾಹಕರಿಗೆ ಅಗತ್ಯವಾದ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸೇವಾ ನ್ಯೂನತೆಯ ವ್ಯಾಖ್ಯೆಯಲ್ಲೇ ಸೇರಿಸಿದೆ. ಚೆನ್ನೈನ ದೊಡ್ಡ ಸರ್ವಿಸ್ ಸೆಂಟರುಗಳು ಈ ಮೂರು ಅಂಕಿಗಳನ್ನು ಕಡ್ಡಾಯ ಮಾಡಿದರೆ ಸಣ್ಣ ಗ್ಯಾರೇಜುಗಳೂ ಹಿಂಬಾಲಿಸುತ್ತವೆ.

ಬದಲಿಸಿದ ಹಳೆಯ ಫ್ಲೈವೀಲನ್ನೂ ಮಾಲೀಕರು ಕೇಳಿ ಪಡೆಯಬೇಕು. ಚೆನ್ನೈನ ಪುದುಪೇಟೆಯ ಓಣಿಗಳಲ್ಲಿ ಹಳೆಯ ಕಾರುಗಳ ಭಾಗಗಳು ಗುಡ್ಡೆ ಗುಡ್ಡೆಯಾಗಿ ಮಾರಾಟಕ್ಕಿರುತ್ತವೆ. ಎಷ್ಟೋ ಭಾಗಗಳಿಗೆ ಅದು ಒಳ್ಳೆಯ ಮರುಜನ್ಮ. ಆದರೆ ಡ್ಯುಯಲ್ ಮಾಸ್ ಫ್ಲೈವೀಲಿನ ಸ್ಪ್ರಿಂಗುಗಳು ಮುಚ್ಚಿದ ಕವಚದೊಳಗಿರುತ್ತವೆ. ಹೊರಮೈ ಉಜ್ಜಿ ಹೊಳಪು ಕೊಟ್ಟರೆ ಒಳಗಿನ ಮುರಿದ ಸ್ಪ್ರಿಂಗು ಕೊಳ್ಳುವವರ ಕಣ್ಣಿಗೆ ಬೀಳುವುದಿಲ್ಲ, ಅದೇ ಫ್ಲೈವೀಲ್ ಇನ್ನೊಬ್ಬರ ಕಾರಿಗೆ ಏರುತ್ತದೆ.