ಕಪಾಲಿಗಾಗಿ ಅಳುವವರಲ್ಲಿ ಒಂದು ಮಾತು

ನಮ್ಮ ಶಾಲೆಯಲ್ಲಿ ಸಹೋದ್ಯೋಗಿಯೊಬ್ಬರ ನಿವೃತ್ತಿಯ ಬೀಳ್ಕೊಡುಗೆ ಮುಗಿಸಿ, ಸ್ಟಾಫ್ ರೂಮಿನಲ್ಲಿ ಕೇಸರಿಬಾತು, ಬೋಂಡಾ ತಿನ್ನುತ್ತಾ ಕೂತಿದ್ದೆವು. ಮಾತು ಎಲ್ಲೆಲ್ಲೋ ಸುತ್ತಿ ಕಪಾಲಿ ಚಿತ್ರಮಂದಿರದ ಮೇಲೆ ಬಂದು ನಿಂತಿತು. ಒಬ್ಬರು ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಮೊದಲ ಸಿನಿಮಾ ನೋಡಿದ್ದು ಅಲ್ಲೇ. ಇನ್ನೊಬ್ಬರು ಕಾಲೇಜಿಗೆ ಚಕ್ಕರ್ ಹೊಡೆದು ಹೋಗಿ, ಅಲ್ಲಿ ಸ್ವಂತ ಸೋದರಮಾವನ ಕೈಗೇ ಸಿಕ್ಕಿಬಿದ್ದವರು. ಡ್ರಾಯಿಂಗ್ ಮೇಷ್ಟ್ರು ಎರಡೂ ಕೈ ಅಗಲಿಸಿ, ಆ ಸಿನಿರಾಮಾ ಪರದೆ ಹೇಗೆ ಬಾಗಿಕೊಂಡಿತ್ತು ಎಂದು ತೋರಿಸಿದರು. ಕೊನೆಗೆ ಎಲ್ಲರೂ ಸೇರಿ, "ಎಂಥಾ ಥಿಯೇಟರ್ ರೀ ಅದು, ಹೊಡೆದುಹಾಕಿಬಿಟ್ಟರಲ್ಲ" ಎಂದು ನಿಟ್ಟುಸಿರುಬಿಟ್ಟರು.

ನನಗೆ ಯಾಕೋ ರೇಗಿತು. "ನೀವೆಲ್ಲ ಕಡೇ ಸಲ ಅಲ್ಲಿಗೆ ಹೋಗಿದ್ದು ಯಾವಾಗ?" ಎಂದು ಕೇಳಿಬಿಟ್ಟೆ.

ಯಾರೂ ಬಾಯಿ ಬಿಡಲಿಲ್ಲ. ನನ್ನ ಲೆಕ್ಕವನ್ನೂ ಹೇಳುತ್ತೇನೆ. ನಾನು ಕಡೆಯ ಸಲ ಹೋದದ್ದು 'ಓಂ' ನೋಡಲು. ಆ ಚಿತ್ರ ಬಂದದ್ದು 1995ರಲ್ಲಿ. ಆಮೇಲೆ ಕಪಾಲಿಯಲ್ಲೇ ಅದು ಮತ್ತೆ ಮತ್ತೆ ಬಿಡುಗಡೆಯಾಯಿತಲ್ಲ, ಅಂಥ ಒಂದು ಸಲ. ಕಪಾಲಿ ಬಾಗಿಲು ಹಾಕಿದ್ದು 2017ರಲ್ಲಿ. ನಡುವೆ ಎಷ್ಟು ವರ್ಷ ಎಂದು ನೀವೇ ಕಳೆದು ನೋಡಿ. ಅಷ್ಟು ವರ್ಷ ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಾಯಿಸುತ್ತಾ ಅದರ ಆಸುಪಾಸಿನಲ್ಲೇ ಓಡಾಡಿದ್ದೇನೆ, ಒಳಗೆ ಕಾಲಿಟ್ಟಿಲ್ಲ. ನಾವು ಬಿಟ್ಟುಹೋದದ್ದನ್ನು ಇನ್ನೊಬ್ಬರು ಕೆಡವಿದರು. ಈಗ ಬೋಂಡಾ ಕೈಯಲ್ಲಿ ಹಿಡಿದುಕೊಂಡು ನಾವು ಅಳುತ್ತೇವೆ.

ಈ ಅಳುವಿನ ಬಗ್ಗೆಯೇ ನನ್ನ ತಕರಾರು. ಕಪಾಲಿ ಎಂದೊಡನೆ ಎಲ್ಲರೂ ಹೇಳುವುದು ಅದೇ ನಾಲ್ಕು ಮಾತು. 1968ರಲ್ಲಿ ಮೊರಾರ್ಜಿ ದೇಸಾಯಿ ಬಂದು ಉದ್ಘಾಟಿಸಿದ್ದು, ಸಾವಿರಕ್ಕೂ ಮಿಕ್ಕಿದ ಕುರ್ಚಿಗಳು, ಆ ಪರದೆ, ರಾಜ್‌ಕುಮಾರ್ ಕಟೌಟಿಗೆ ಹಾಕುತ್ತಿದ್ದ ಹಾರ. ಎಲ್ಲ ನಿಜ. ಆದರೆ ಆ ಸಾವಿರ ಕುರ್ಚಿಗಳಲ್ಲಿ ಯಾರು ಕೂರುತ್ತಿದ್ದರು, ಅವರೆಲ್ಲ ಈಗೆಲ್ಲಿ ಹೋದರು ಎಂದು ಮಾತ್ರ ಯಾರೂ ಕೇಳುವುದಿಲ್ಲ. ನೆನಪು ಹೇಳುವವರೆಲ್ಲ ನನ್ನಂಥವರೇ: ಸಂಬಳ ಬರುವವರು, ಬೇಕೆಂದರೆ ಇನ್ನೊಂದು ಕಡೆ ಟಿಕೆಟ್ ಕೊಳ್ಳಬಲ್ಲವರು. ನಮಗೆ ಹೋದದ್ದು ಒಂದು ಕಟ್ಟಡ ಅಷ್ಟೇ. ನನ್ನ ಅಮ್ಮನಿಗೆ ಹೋದದ್ದು ಬೇರೆ.

ನಾವಿದ್ದದ್ದು ಶ್ರೀರಾಂಪುರದ ಒಂದು ವಠಾರದಲ್ಲಿ. ಎಂಟು ಮನೆಗೆ ಒಂದು ನಲ್ಲಿ, ಎರಡು ಕಕ್ಕಸು. ಅಪ್ಪ ಮಿಲ್ಲಿನಲ್ಲಿ ಪಾಳಿಯ ಕೆಲಸ ಮಾಡುತ್ತಿದ್ದರು. ಅವರಿಗೆ ಹಗಲು ಪಾಳಿ ಇದ್ದ ವಾರ, ತಿಂಗಳಿಗೊಮ್ಮೆಯಾದರೂ, ವಠಾರದ ಹೆಂಗಸರು ಮ್ಯಾಟಿನಿಗೆ ಹೊರಡುತ್ತಿದ್ದರು. ಬೆಳಿಗ್ಗೆ ನಲ್ಲಿ ಹತ್ತಿರವೇ ತೀರ್ಮಾನವಾಗುತ್ತಿತ್ತು. ಹನ್ನೊಂದೂವರೆಗೆಲ್ಲ ಅಡಿಗೆ ಮುಗಿಸಿ, ಮುದ್ದೆ ಮುಚ್ಚಿಟ್ಟು, ಕಡಲೆಕಾಯಿಯನ್ನೋ ಕೋಡುಬಳೆಯನ್ನೋ ಸೆರಗಿಗೆ ಕಟ್ಟಿಕೊಂಡು, ಓಕಳಿಪುರದ ಕಡೆಯಿಂದ ನಡೆದೇ ಹೋಗುತ್ತಿದ್ದರು. ಬಸ್ಸಿಗೆ ಕೊಟ್ಟರೆ ಟಿಕೆಟ್ಟಿಗೆ ಸಾಲುತ್ತಿರಲಿಲ್ಲ. ಕಂಕುಳಲ್ಲಿ ತಮ್ಮ, ಕೈ ಹಿಡಿದುಕೊಂಡು ನಾನು. ಹೆಂಗಸರಿಗೆ ಬೇರೆ ಕ್ಯೂ ಇರುತ್ತಿತ್ತು. ಗಂಡಸರು ಅತ್ತ ಒಬ್ಬರ ಮೇಲೊಬ್ಬರು ಬಿದ್ದು ಕಂಬಿಯ ಕಿಂಡಿಗೆ ಕೈ ತೂರಿಸುತ್ತಿದ್ದರೆ, ಅಮ್ಮ ಗಂಭೀರವಾಗಿ ನಿಂತು, ಕರ್ಚೀಫಿನ ಗಂಟು ಬಿಚ್ಚಿ, ಎಣಿಸಿ ತಂದ ಚಿಲ್ಲರೆ ಕೊಟ್ಟು ಟಿಕೆಟ್ ತೆಗೆದುಕೊಳ್ಳುತ್ತಿದ್ದರು. ಅಂಗಡಿಯಲ್ಲಾಗಲಿ, ರೇಷನ್ನಿನಲ್ಲಾಗಲಿ, ಆಸ್ಪತ್ರೆಯಲ್ಲಾಗಲಿ ಅಮ್ಮ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತದ್ದನ್ನು ನಾನು ಕಂಡಿಲ್ಲ.

ನಮ್ಮ ಬೀದಿಯಲ್ಲಿ ಗಂಡಸರಿಗೆ ಕೂರಲು ಎಷ್ಟು ಜಾಗಗಳಿದ್ದವು ನೋಡಿ: ಹೋಟೆಲು, ಕ್ಷೌರದಂಗಡಿ, ಗರಡಿಮನೆ, ಬೀಡಿ ಅಂಗಡಿಯ ಮುಂದಿನ ಕಲ್ಲು, ಸಾರಾಯಿ ಅಂಗಡಿ. ಹೆಂಗಸರಿಗೆ? ನಲ್ಲಿ ಮತ್ತು ದೇವಸ್ಥಾನ. ದೇವಸ್ಥಾನಕ್ಕೆ ನಿಯಮಗಳು ಬೇರೆ. ತಿಂಗಳ ಮೂರು ದಿನ ಹೊರಗೆ ಕೂತವಳು ಗುಡಿಯ ಮೆಟ್ಟಿಲು ಹತ್ತುವಂತಿರಲಿಲ್ಲ. ಕಪಾಲಿಯ ಮೆಟ್ಟಿಲು ಹತ್ತಬಹುದಿತ್ತು. ನಮ್ಮ ವಠಾರದಲ್ಲಿ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ಒಬ್ಬರಿದ್ದರು, ನಾವು ಅವರನ್ನು ದೊಡ್ಡಮ್ಮ ಎನ್ನುತ್ತಿದ್ದೆವು. ಅರಿಶಿನ ಕುಂಕುಮಕ್ಕೆ ಅವರನ್ನು ಯಾರೂ ಕರೆಯುತ್ತಿರಲಿಲ್ಲ. ಮದುವೆ ಮನೆಯಲ್ಲಿ ಅವರದು ಹಿತ್ತಲ ಕಡೆಯ ಕೆಲಸ. ಸಿನಿಮಾಕ್ಕೆ ಮಾತ್ರ ಎಲ್ಲರ ಸಾಲಿನಲ್ಲಿ ನಡುವೆ ಕೂರುತ್ತಿದ್ದರು. ಹಾಸ್ಯದ ದೃಶ್ಯ ಬಂದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಅವರೇ. ಕತ್ತಲಲ್ಲಿ ಹಣೆ ಯಾರಿಗೆ ಕಾಣುತ್ತದೆ?

ಮತ್ತೆ ಅಳು. ನಾಯಕಿಗೆ ಕಷ್ಟ ಬಂದಿತೆಂದರೆ ನಮ್ಮ ಸಾಲಿನಲ್ಲಿ ಮೂಗು ಸೀಟುವ ಸದ್ದು ಶುರುವಾಗುತ್ತಿತ್ತು. ಅಮ್ಮ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು. ಅದು ಬರೀ ಸಿನಿಮಾದ ಅಳುವಲ್ಲ ಎಂದು ಅರ್ಥವಾಗಲು ನನಗೂ ಒಂದು ಸಂಸಾರ ಬೇಕಾಯಿತು.

ಇಷ್ಟು ಹೇಳಿದೆ ಎಂದು ನಾನು ಕಪಾಲಿಗೆ ಆರತಿ ಎತ್ತುತ್ತಿದ್ದೇನೆ ಎಂದುಕೊಳ್ಳಬೇಡಿ. ನಮ್ಮ ಕಾಲದ ಚಿತ್ರಮಂದಿರಗಳೇನೂ ನಂದನವನಗಳಲ್ಲ. ಕುರ್ಚಿಯಲ್ಲಿ ತಿಗಣೆ, ಕಕ್ಕಸಿಗೆ ಹೋದರೆ ಮೂಗು ಮುಚ್ಚಿಕೊಳ್ಳಬೇಕು, ಬೋರ್ಡು ಹಾಕಿದ್ದರೂ ಬೀಡಿಯ ಹೊಗೆ. ಬ್ಲ್ಯಾಕಿನಲ್ಲಿ ಟಿಕೆಟ್ ಮಾರುವವರು ನಮ್ಮಂಥವರ ದುಡ್ಡನ್ನೇ ಕಿತ್ತುಕೊಳ್ಳುತ್ತಿದ್ದರು. ದೊಡ್ಡವಳಾದ ಮೇಲೆ ಬಿಡುವಿನ ಗದ್ದಲದಲ್ಲಿ ಹಾದುಬರುವಾಗ ಕೈಯಲ್ಲಿ ಪಿನ್ನು ಹಿಡಿದಿರಬೇಕು ಎಂದು ಕಲಿಸಿದ್ದೂ ಅಮ್ಮನೇ. ಒಂದೆರಡು ಸಲ ಉಪಯೋಗಕ್ಕೂ ಬಂದಿದೆ. ಬಾಲ್ಕನಿಗೂ ಗಾಂಧಿ ಕ್ಲಾಸಿಗೂ ಟಿಕೆಟ್ ಬೇರೆ, ಮರ್ಯಾದೆಯೂ ಬೇರೆ. ಆದರೂ ಬಾಲ್ಕನಿಯವರು ನಕ್ಕ ಗಳಿಗೆಯಲ್ಲೇ ಗಾಂಧಿ ಕ್ಲಾಸಿನವರೂ ನಗುತ್ತಿದ್ದರು. ಮಿಲ್ಲಿನವನ ಹೆಂಡತಿಗೂ ಗುಮಾಸ್ತನ ಹೆಂಡತಿಗೂ ಒಂದೇ ದಿನ, ಒಂದೇ ಹೊತ್ತಿಗೆ, ಒಂದೇ ಕಥೆ ಸಿಗುತ್ತಿತ್ತು. ಈಗ ಹಾಗೆ ಸಿಗುವ ಜಾಗ ಯಾವುದಾದರೂ ಇದ್ದರೆ ನನಗೆ ತಿಳಿಸಿ.

ಸ್ಟಾಫ್ ರೂಮಿನಲ್ಲಿ ಒಬ್ಬ ಕಿರಿಯ ಅಧ್ಯಾಪಕರು ಸಮಾಧಾನ ಹೇಳಿದರು. "ಮೇಡಂ, ಹಳೇ ಕಟ್ಟಡಗಳು ಹೋಗಲೇಬೇಕು. ಅದೇ ಜಾಗಕ್ಕೆ ಮಾಲ್ ಬರುತ್ತೆ, ಅದರಲ್ಲಿ ಒಂದರ ಬದಲು ಹಲವು ಪರದೆ ಇರುತ್ತವೆ. ಲಾಭವೇ ಆಯ್ತಲ್ಲ?" ಎಂದರು. ಲೆಕ್ಕದ ಮೇಷ್ಟ್ರು, ಕೂಡಿಸುವುದು ಚೆನ್ನಾಗಿ ಬರುತ್ತದೆ. ಆದರೆ ಪರದೆಯನ್ನು ಎಣಿಸಿದರೆ ಸಾಲದು, ಟಿಕೆಟ್ಟಿನ ಬೆಲೆಯನ್ನೂ ಎಣಿಸಬೇಕು.

ಕೆಲವು ವರ್ಷಗಳ ಹಿಂದೆ ಅಮ್ಮನನ್ನು ಒಂದು ಮಾಲಿಗೆ ಕರೆದುಕೊಂಡು ಹೋಗಿದ್ದೆ, ಮಗನ ಒತ್ತಾಯಕ್ಕೆ. ಅಮ್ಮ ಆ ಓಡುವ ಮೆಟ್ಟಿಲ ಮುಂದೆ ನಿಂತು, ಸೀರೆಯ ನೆರಿಗೆ ಎತ್ತಿ ಹಿಡಿದು, ಒಂದು ಹೆಜ್ಜೆ ಇಡಲು ಹೋಗಿ ಹಿಂದಕ್ಕೆ ಸರಿದರು. ಹಿಂದಿದ್ದವರು ಗೊಣಗಿದರು. ಲಿಫ್ಟು ಹುಡುಕಿಕೊಂಡು ಮೇಲೆ ಹೋದರೆ ಬಾಗಿಲಲ್ಲಿ ತಪಾಸಣೆ. ಸಕ್ಕರೆ ಕಾಯಿಲೆಯವರು, ಹೊತ್ತಿಗೆ ಸರಿಯಾಗಿ ಏನಾದರೂ ತಿನ್ನಬೇಕು ಎಂದು ಡಬ್ಬಿಯಲ್ಲಿ ಎರಡು ಚಪಾತಿ ಇಟ್ಟುಕೊಂಡಿದ್ದರು. ಕಾವಲಿನ ಹುಡುಗಿ ಡಬ್ಬಿ ತೆಗೆದಿಟ್ಟುಕೊಂಡಳು. ಅವಳದೇನು ತಪ್ಪು? ಅವಳ ಅಜ್ಜಿಯೂ ಸೆರಗಿಗೆ ಕೋಡುಬಳೆ ಕಟ್ಟಿಕೊಂಡು ಹೋದವಳೇ ಇರಬೇಕು. ಒಳಗೆ ಅಮ್ಮನಿಗೆ ಒಂದು ಲೋಟ ಜೋಳದ ಅರಳಿಗೆ ಮಗ ಕೊಟ್ಟ ಹಣವನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಅಮ್ಮ ಬೋರ್ಡಿನ ಅಂಕಿ ಓದಬಲ್ಲರು. ಸಿನಿಮಾ ಮುಗಿಯುವವರೆಗೂ ಆ ಲೋಟವನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು, ತಿನ್ನಲಿಲ್ಲ. ಹೊರಗೆ ಬಂದು, "ನನ್ನನ್ನು ಇನ್ನು ಇಲ್ಲಿಗೆ ಕರ್ಕೊಂಡು ಬರಬೇಡ ಕಣೇ, ನಿಮ್ಮ ಮನೆಗೆ ನೆಂಟರ ಥರ ಬಂದ ಹಾಗೆ ಆಗುತ್ತೆ" ಎಂದರು.

ಕಪಾಲಿಯಲ್ಲಿ ಅಮ್ಮ ನೆಂಟರಾಗಿರಲಿಲ್ಲ. ಅದು ಅವರ ಸ್ವಂತ ದುಡ್ಡಿನ ಜಾಗ.

ಕಪಾಲಿ ಮುಚ್ಚಿದ ಅದೇ 2017ರಲ್ಲಿ ನಮ್ಮ ರಾಜ್ಯ ಸರ್ಕಾರ ಮಲ್ಟಿಪ್ಲೆಕ್ಸ್ ಟಿಕೆಟ್ಟಿಗೆ 200 ರೂಪಾಯಿಯ ಮಿತಿ ಎಂದು ಆದೇಶ ಹೊರಡಿಸಿತು. ನಿಲ್ಲಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಮತ್ತೆ ಅದೇ 200 ರೂಪಾಯಿಯ ನಿಯಮ ತಂದರು. ಅದೇ ತಿಂಗಳಲ್ಲಿ ಹೈಕೋರ್ಟು ತಡೆ ಕೊಟ್ಟಿತು. ಕಾನೂನಿನ ವಾದ ವಿವಾದ ನನಗೆ ತಿಳಿಯದು, ನ್ಯಾಯಾಲಯದ ಮಾತಿಗೆ ನಾನು ಎದುರಾಡುವವಳೂ ಅಲ್ಲ. ನಾನು ಕೇಳುವುದು ಅದಕ್ಕೂ ಮೊದಲಿನ ಪ್ರಶ್ನೆ. ಮನೆಗೆಲಸ ಮಾಡಿ ಬದುಕುವ ಹೆಂಗಸು, ಗಾರ್ಮೆಂಟ್ಸ್ ಹುಡುಗಿ, ಎರಡು ಮಕ್ಕಳನ್ನು ಕಟ್ಟಿಕೊಂಡು ಹೋದರೆ ಮೂರು ಟಿಕೆಟ್ಟಿಗೆ 600 ರೂಪಾಯಿ. ಅದನ್ನು ಅಗ್ಗ ಎಂದು ಕರೆಯಲು ನಮಗೆ ಯಾರು ಕಲಿಸಿದರು? ನನ್ನ ತರಗತಿಯಲ್ಲಿ ಕೂರುವುದು ಅಂಥವರ ಮಕ್ಕಳೇ. ಒಂದು ಸಲ ಎಂಟನೇ ತರಗತಿಗೆ 'ನಾನು ನೋಡಿದ ಸಿನಿಮಾ' ಎಂದು ಪ್ರಬಂಧ ಕೊಟ್ಟೆ. ಬಹುತೇಕ ಎಲ್ಲರೂ ಬರೆದದ್ದು ಮೊಬೈಲಿನಲ್ಲಿ, ಒಬ್ಬೊಬ್ಬರೇ, ಹೊದಿಕೆಯ ಒಳಗೆ ನೋಡಿದ ಸಿನಿಮಾ. ಥಿಯೇಟರಿನ ಒಳಗೆ ಕಾಲಿಟ್ಟವರು ಕೈಬೆರಳಲ್ಲಿ ಎಣಿಸುವಷ್ಟು. ಅವರಿಗೆ 'ಮೆಜೆಸ್ಟಿಕ್' ಎನ್ನುವುದು ಒಂದು ಚಿತ್ರಮಂದಿರದ ಹೆಸರಾಗಿತ್ತು ಎಂದೇ ಗೊತ್ತಿಲ್ಲ. ಥಿಯೇಟರು ಹೋಗಿದೆ, ಹೆಸರು ಬಸ್ಸಿನ ಬೋರ್ಡಿನ ಮೇಲೆ ಓಡಾಡುತ್ತಿದೆ. ಅಲಂಕಾರ್ ಹೋಯಿತು, ಅಂಗಡಿ ಮಳಿಗೆಗೆ ಹೆಸರು ಉಳಿಯಿತು. ಸಾಗರ್, ಹಿಮಾಲಯ, ಕಲ್ಪನಾ ಒಂದೊಂದಾಗಿ ಹೋದವು. ಹೆಸರು ಉಳಿಸುವುದರಲ್ಲಿ ಬೆಂಗಳೂರಿನವರು ಜಾಣರು. ಧರ್ಮಾಂಬುಧಿ ಕೆರೆಯ ಅಂಗಳದಲ್ಲೇ ಬಸ್ ನಿಲ್ದಾಣ ಕಟ್ಟಿ ಅದಕ್ಕೆ ಕೆರೆ ಕಟ್ಟಿಸಿದ ಕೆಂಪೇಗೌಡರ ಹೆಸರನ್ನೇ ಇಟ್ಟವರಲ್ಲವೇ ನಾವು?

ಚಿತ್ರಮಂದಿರದ ಮಾಲೀಕರನ್ನು ಬಯ್ಯುವುದು ಸುಲಭ. ನಾನು ಬಯ್ಯುವುದಿಲ್ಲ. ಸಾವಿರ ಕುರ್ಚಿಗೆ ಐವತ್ತು ಜನ ಬಂದರೆ ಕರೆಂಟಿನ ಬಿಲ್ಲಿಗೆ ಏನು ಮಾಡಬೇಕು? ಗಾಂಧಿನಗರದ ನೆಲದ ಬೆಲೆ ಏರಿದ ಹಾಗೆ ಯಾವ ಚಿತ್ರದ ಗಳಿಕೆಯೂ ಏರುವುದಿಲ್ಲ. ವ್ಯಾಪಾರಸ್ಥ ವ್ಯಾಪಾರ ಮಾಡಿದ. ನನ್ನ ಕೋಪ ಇರುವುದು ಅದನ್ನು ಬರೀ ವ್ಯಾಪಾರ ಎಂದು ಸುಮ್ಮನಿದ್ದವರ ಮೇಲೆ. ಥಿಯೇಟರ್ ಕೆಡವಿ ಮಾಲ್ ಕಟ್ಟುತ್ತೇವೆ ಎಂದು ಯಾರಾದರೂ ನಕ್ಷೆ ತಂದಾಗ, ಪಾರ್ಕಿಂಗ್ ಎಷ್ಟು, ಬೆಂಕಿ ಬಿದ್ದರೆ ಬಾಗಿಲು ಎಷ್ಟು ಎಂದು ಅಳತೆ ಹಿಡಿದು ಕೇಳುತ್ತಾರೆ. ಸರಿ, ಕೇಳಲೇಬೇಕು. ಹಾಗೆಯೇ, ಬಡವರು ಕೂರಲು ಎಷ್ಟು ಕುರ್ಚಿ ಇಡುತ್ತೀರಿ ಎಂದೂ ಕೇಳಲಿ. ಪ್ರತಿ ಪರದೆಯ ಮುಂದಿನ ಎರಡು ಸಾಲು, ವಾರದ ದಿನಗಳ ಮಧ್ಯಾಹ್ನದ ಆಟ, ಒಂದು ಊಟದ ಬೆಲೆಗೆ. ಮುದುಕರ, ಕಾಯಿಲೆಯವರ ಡಬ್ಬಿ ಒಳಗೆ ಬಿಡಿ. ಖಾಸಗಿಯವರಿಂದ ಅದು ಆಗುವುದಿಲ್ಲ ಎಂದಾದರೆ ಸಾರ್ವಜನಿಕರ ಹಣದಲ್ಲಿ ಎದ್ದ ಸಭಾಂಗಣಗಳಿವೆಯಲ್ಲ! ಪುರಭವನವಿದೆ, ರವೀಂದ್ರ ಕಲಾಕ್ಷೇತ್ರವಿದೆ. ಕಾರ್ಯಕ್ರಮವಿಲ್ಲದ ಮಧ್ಯಾಹ್ನ ಅಲ್ಲಿ ಒಂದು ಕನ್ನಡ ಚಿತ್ರ ಹಾಕಿ, ಬಾಗಿಲಲ್ಲಿ ಹತ್ತು ರೂಪಾಯಿ ತೆಗೆದುಕೊಳ್ಳಿ. ಹೆಂಗಸರ ಕ್ಯೂ ಎಷ್ಟು ಉದ್ದ ಬರುತ್ತದೆ ನೋಡಿ. ನವೆಂಬರ್ ತಿಂಗಳಿಡೀ ಕನ್ನಡ ಉಳಿಸಿ ಎಂದು ಮೈಕು ಹಿಡಿಯುವವರಿಗೆ ಇದೊಂದು ಹೊಳೆಯದೇ ಹೋದದ್ದು ನನಗೆ ಆಶ್ಚರ್ಯ.

ಇದನ್ನೆಲ್ಲ ಅವತ್ತು ಬೋಂಡಾ ಆರುವವರೆಗೂ ಹೇಳಿದೆ. "ಮೇಡಂ, ಈಗ ಮನೆಯಲ್ಲೇ ದೊಡ್ಡ ಟೀವಿ ಇದೆಯಲ್ಲ, ನಿಮ್ಮ ತಾಯಿಯವರು ಆರಾಮಾಗಿ ಕೂತು ನೋಡಬಹುದು" ಎಂದರು ಲೆಕ್ಕದ ಮೇಷ್ಟ್ರು.

ಇದೆ. ನಮ್ಮ ತಮ್ಮನ ಮನೆಯಲ್ಲಿ ಗೋಡೆಯ ಅಗಲಕ್ಕೂ ಟೀವಿ ಇದೆ, ಅಮ್ಮ ಅಲ್ಲೇ ಇರುತ್ತಾರೆ. ಕಳೆದ ದೀಪಾವಳಿಗೆ ಹೋದಾಗ ಮಧ್ಯಾಹ್ನ ಯಾವುದೋ ಹಳೆಯ ಕಪ್ಪು ಬಿಳುಪು ಚಿತ್ರ ಬರುತ್ತಿತ್ತು. ತಾಯಿ ಮಗುವನ್ನು ಬಿಟ್ಟುಹೋಗುವ ದೃಶ್ಯ. ನಾನು ಅಮ್ಮನ ಮುಖ ನೋಡಿದೆ. ಕಣ್ಣು ತುಂಬಿತ್ತು, ಆದರೆ ರೆಪ್ಪೆ ಹೊಡೆಯದೆ, ತುಟಿ ಬಿಗಿಹಿಡಿದು ಕೂತಿದ್ದರು. ಅಡಿಗೆಮನೆಯಲ್ಲಿ ಸೊಸೆ, ಪಕ್ಕದಲ್ಲಿ ಫೋನು ಒತ್ತುತ್ತಾ ಕೂತ ಮೊಮ್ಮಗ.

"ಯಾಕಮ್ಮಾ, ಮುಂಚೆ ಎಷ್ಟು ಅಳ್ತಿದ್ದೆ ನೀನು" ಎಂದೆ ನಗುತ್ತಾ.

"ಇಲ್ಲಿ ಹ್ಯಾಗೆ ಅಳೋದು, ಬೆಳಕಿದೆ" ಎಂದರು.