ಖಾಲಿ ಡಬ್ಬಿಯ ವಿಚಾರ

ಮೊನ್ನೆ ಭಾನುವಾರ ಬಾಗಲಗುಂಟೆಯ ನಮ್ಮ ಮನೆಯ ಮುಂದೆ ತಮ್ಮನ ಮಗ ತನ್ನ ಹಳೆಯ ಪೆಟ್ರೋಲ್ ಕಾರನ್ನು ಜಾಕಿನಿಂದ ಎತ್ತಿ, ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಬೆಳಗಿನಿಂದ ಸಂಜೆಯವರೆಗೆ ಅದರೊಡನೆ ಹೆಣಗಾಡಿದ. ಎರಡು ತಿಂಗಳಿಂದ ಆ ಕಾರು ಏರಿನಲ್ಲಿ ಏದುಸಿರು ಬಿಡುತ್ತಿತ್ತು. ಎಂಜಿನ್ನಿನ ಬಳಿ ಟಿಕ್ ಟಿಕ್ ಸದ್ದು. ಕೆಳಗೆ ಡಬ್ಬಿಯಲ್ಲಿ ಕಲ್ಲು ಕುಲುಕಿದಂತೆ ಮತ್ತೊಂದು ಸದ್ದು. ಎಂಜಿನ್ನಿನ ಹೊಗೆಯನ್ನು ಒಟ್ಟುಗೂಡಿಸಿ ಕೊಳವೆಗೆ ಕಳಿಸುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿರುಕು ಬಿಟ್ಟಿತ್ತು. ಅದರ ಮುಂದಿನ ಕ್ಯಾಟಲಿಟಿಕ್ ಕನ್ವರ್ಟರಿನ ಒಡಲು ಪುಡಿಯಾಗಿತ್ತು.

ಇದಕ್ಕೆ ಮೊದಲು ಮೆಕ್ಯಾನಿಕ್ ಒಬ್ಬರು ಅವನಿಗೆ ಸುಲಭದ ದಾರಿಯೊಂದನ್ನು ತೋರಿಸಿದ್ದರು. "ಹೊಸದು ಯಾಕೆ? ಒಳಗಿರೋದನ್ನ ತೆಗೆದು ಡಬ್ಬಿ ಹಾಗೇ ವೆಲ್ಡ್ ಮಾಡಿಕೊಡ್ತೀನಿ. ಪಿಕಪ್ಪೂ ಚೆನ್ನಾಗಿರುತ್ತೆ, ಯಾರಿಗೂ ಗೊತ್ತಾಗಲ್ಲ." ಹುಡುಗನಿಗೆ ಈ ಮಾತು ಹಿಡಿಸಿತ್ತು. "ದೊಡ್ಡಪ್ಪ, ತುಮಕೂರು ರಸ್ತೆಯ ಲಾರಿಗಳ ಹೊಗೆಯ ಮುಂದೆ ನನ್ನ ಕಾರಿನದು ಯಾವ ಲೆಕ್ಕ?" ಎಂದು ಕೇಳಿದ. ಈ ಪ್ರಶ್ನೆಯನ್ನು ನಿಮ್ಮಲ್ಲಿ ಹಲವರೂ ಕೇಳಿಯಾರೆಂದು ಇದನ್ನು ಬರೆಯುತ್ತಿದ್ದೇನೆ.

ಮನೆಯಲ್ಲೇ ರಿಪೇರಿ ಮಾಡಿಕೊಳ್ಳುವುದಕ್ಕೆ ನನ್ನ ಪೂರ್ಣ ಸಮ್ಮತಿಯಿದೆ. ಆದರೆ ಆ ಖಾಲಿ ಡಬ್ಬಿಗೆ ಖಂಡಿತ ಇಲ್ಲ.

ಕ್ರಿಯಾವರ್ಧಕವು ಕ್ರಿಯೆಯಲ್ಲಿ ಖರ್ಚಾಗುವುದಿಲ್ಲವೆಂದು ನಾನು ನಿಮಗೆ ಪಾಠ ಮಾಡಿದ್ದು ನೆನಪಿರಬಹುದು. ಆ ಡಬ್ಬಿಯ ಒಳಗಿನ ಪಿಂಗಾಣಿ ಜೇನುಗೂಡಿಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂಗಳ ತೆಳುಲೇಪವಿರುತ್ತದೆ. ಕಾರ್ಬನ್ ಮಾನಾಕ್ಸೈಡ್, ಉರಿಯದೆ ಉಳಿದ ಪೆಟ್ರೋಲ್ ಆವಿ, ಸಾರಜನಕದ ಆಕ್ಸೈಡುಗಳು ಅಲ್ಲಿ ಬಹುಮಟ್ಟಿಗೆ ಇಂಗಾಲದ ಡೈಆಕ್ಸೈಡ್, ನೀರಾವಿ, ಸಾರಜನಕಗಳಾಗಿ ಹೊರಬೀಳುತ್ತವೆ. ಖರ್ಚಾಗದ ವಸ್ತು ಹಾಳಾದದ್ದೇಕೆ? ಹಿಂದೆ ಇದಕ್ಕೆ ಸೀಸವೇ ವಿಷವಾಗಿತ್ತು. ಆದ್ದರಿಂದಲೇ 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾದಾಗ ಸೀಸರಹಿತ ಪೆಟ್ರೋಲೂ ಜೊತೆಯಲ್ಲೇ ಬಂತು. 2000ದ ಹೊತ್ತಿಗೆ ಸೀಸದ ಪೆಟ್ರೋಲ್ ದೇಶದಿಂದಲೇ ತೊಲಗಿತು. ನಮ್ಮ ಹುಡುಗನ ಕಾರಿನಲ್ಲಿ ಆದದ್ದು ಬೇರೆ. ಬಿರುಕಿನಿಂದ ಒಳನುಗ್ಗಿದ ಗಾಳಿಯನ್ನು ಕಂಡು ಆಕ್ಸಿಜನ್ ಸೆನ್ಸರ್ ಮೋಸಹೋಯಿತು. ಪೆಟ್ರೋಲ್ ಸಾಲದೆಂದು ಎಂಜಿನ್ನಿನ ಕಂಪ್ಯೂಟರ್ ಇನ್ನಷ್ಟು ಸುರಿಯಿತು. ಹೆಚ್ಚಾದದ್ದು ಜೇನುಗೂಡಿನಲ್ಲಿ ಉರಿದು ಅದನ್ನೇ ಕರಗಿಸಿತು. ಬಿರುಕನ್ನು ಹಾಗೇ ಬಿಟ್ಟು ಕನ್ವರ್ಟರನ್ನಷ್ಟೇ ಬದಲಿಸಿದ್ದರೆ ಹೊಸದಕ್ಕೂ ಇದೇ ಗತಿಯಾಗುತ್ತಿತ್ತು.

ಲಾರಿಯ ಕಪ್ಪು ಹೊಗೆ ಕಣ್ಣಿಗೆ ಕಾಣುತ್ತದೆ, ಮೂಗು ಮುಚ್ಚಿಕೊಳ್ಳುತ್ತೇವೆ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹೆಸರಘಟ್ಟ ರಸ್ತೆಯಲ್ಲಿ ವಾಹನಗಳು ನಿಂತಾಗ ಶಾಲೆಯ ಮಕ್ಕಳು ಅವುಗಳ ನಡುವೆಯೇ ನುಸುಳಿ ಹೋಗುತ್ತಾರೆ. ಸೈಲೆನ್ಸರಿನ ಬಾಯಿಗೆ ನಮಗಿಂತ ಅವರ ಮೂಗು ಹತ್ತಿರ. ಯಾರಿಗೂ ಗೊತ್ತಾಗುವುದಿಲ್ಲವೆಂಬ ಮಾತು ನನಗೆ ಅಸಹ್ಯವೆನಿಸಿದ್ದು ಇದಕ್ಕೇ. ಎಮಿಷನ್ ಟೆಸ್ಟಿನಲ್ಲಿ ಪೆಟ್ರೋಲ್ ಕಾರಿನ ಸಾರಜನಕದ ಆಕ್ಸೈಡುಗಳನ್ನು ಅಳೆಯುವುದೂ ಇಲ್ಲ. ಕಾನೂನಿನ ಭಯವೊಂದಿದೆ: 2019ರ ತಿದ್ದುಪಡಿಯ ನಂತರ ವಾಯುಮಾಲಿನ್ಯದ ನಿಯಮ ಮೀರಿದವರಿಗೆ 10,000 ರೂಪಾಯಿವರೆಗೆ ದಂಡ. ಆದರೆ ದಂಡಕ್ಕೆ ಹೆದರಿ ಮಾಡುವ ಕೆಲಸವೇ ಇದು? (ಪುಡಿಯಾದ ಆ ಜೇನುಗೂಡಿಗೂ ಗುಜರಿಯಲ್ಲಿ ಒಳ್ಳೆಯ ಬೆಲೆಯಿದೆ. "ಒಳಗಿರೋದನ್ನ" ತೆಗೆದುಕೊಡುತ್ತೇನೆಂದವರು ಅದನ್ನು ಏನು ಮಾಡುತ್ತಿದ್ದರೋ!)

ಬೆಲೆ ದುಬಾರಿಯೆಂಬುದನ್ನು ನಾನು ಅಲ್ಲಗಳೆಯಲಾರೆ. ಸಂಬಳದ ಮನುಷ್ಯನಿಗೆ ಅದು ಭಾರವೇ. ಕೂಲಿಯನ್ನಾದರೂ ಉಳಿಸೋಣವೆಂದೇ ಹುಡುಗ ತಾನೇ ಕೈಹಾಕಿದ್ದು. ಬ್ಯಾಟರಿಯ ತಂತಿ ಕಳಚಿದ. ಎಂಜಿನ್ ಪೂರ್ತಿ ತಣ್ಣಗಾಗಿತ್ತು. ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿದ್ದ. ಆದರೂ ಒಂದು ಸ್ಟಡ್ ಎಂಜಿನ್ನಿನಲ್ಲೇ ಮುರಿದುಕೊಂಡಿತು. ಅವನ ಮುಖ ಬಾಡಿತು. ಆಗ ನೆನಪಾದವನು ಪೀಣ್ಯದಲ್ಲಿ ವೆಲ್ಡರ್ ಆಗಿರುವ ನನ್ನ ಹಳೆಯ ವಿದ್ಯಾರ್ಥಿ. ಅವನು ಬಂದು, ಮುರಿದ ತುದಿಗೆ ಒಂದು ನಟ್ಟನ್ನು ಬೆಸೆದು, ಸ್ಪ್ಯಾನರ್ ಹಾಕಿ ಮೆಲ್ಲನೆ ತಿರುಗಿಸಿ ಹೊರತೆಗೆದ. ವಿಜ್ಞಾನದಲ್ಲಿ ನಾನು ಅವನಿಗೆ ಮೂವತ್ತೈದು ಅಂಕಕ್ಕಿಂತ ಹೆಚ್ಚು ಕೊಟ್ಟವನಲ್ಲ! ಹಣ ಬೇಡವೆಂದು ಕಾಫಿ ಕುಡಿದು ಹೋದ.

ಹೊಸ ಗ್ಯಾಸ್ಕೆಟ್, ಹೊಸ ಮ್ಯಾನಿಫೋಲ್ಡ್, ಹೊಸ ಕನ್ವರ್ಟರ್ ಕೂಡಿಸುವಷ್ಟರಲ್ಲಿ ಐದು ಗಂಟೆಯಾಗಿತ್ತು. ಕಾರನ್ನು ಬಯಲಿನಲ್ಲೇ ನಿಲ್ಲಿಸಿ ಚಾಲೂ ಮಾಡಿದ. ಟಿಕ್ ಟಿಕ್ ಸದ್ದಿರಲಿಲ್ಲ. ಹಳೆಯ ಡಬ್ಬಿ ನಮ್ಮ ಜಗಲಿಯ ಮೇಲಿದೆ. ಅದನ್ನು ಮಾರಿ ಬಂದ ಹಣವನ್ನು ವೆಲ್ಡರ್‌ನ ಮಗಳ ಪುಸ್ತಕಗಳಿಗೆ ಕೊಡುವುದಾಗಿ ಹುಡುಗ ಹೇಳಿದ್ದಾನೆ.